ಗುಂಯ್ ಎನ್ನುವ ಅಡಾಪ್ಟರು

ಮನುಷ್ಯ ಏನನ್ನು ಬೇಕಾದರೂ ಎಸೆದಾನು, ಹಳೆಯ ಅಡಾಪ್ಟರನ್ನು ಮಾತ್ರ ಎಸೆಯಲಾರ ಎಂಬುದು ನನ್ನ ಅನುಭವ. ಉಂಗುಷ್ಠ ಕಿತ್ತ ಚಪ್ಪಲಿಯನ್ನು ಎಸೆಯುತ್ತೇವೆ, ತೂತಾದ ಬಕೆಟ್ಟಿಗೆ ಮಣ್ಣು ತುಂಬಿ ತುಳಸಿ ನೆಟ್ಟು ಅದರ ಋಣ ತೀರಿಸಿಕೊಳ್ಳುತ್ತೇವೆ. ಆದರೆ ರೇಡಿಯೊ ಸತ್ತರೂ ರೇಡಿಯೊದ ಅಡಾಪ್ಟರು ಉಳಿಯುತ್ತದೆ. ಫೋನು ನೀರಿಗೆ ಬಿದ್ದರೂ ಅದರ ಚಾರ್ಜರು "ಇರಲಿ, ಯಾವುದಕ್ಕಾದರೂ ಬೇಕಾದೀತು" ಎಂಬ ಆಶೀರ್ವಾದ ಪಡೆದು ಕಪಾಟು ಸೇರುತ್ತದೆ. ನಮ್ಮ ಮನೆಯಲ್ಲಿ ಅವಕ್ಕೆಲ್ಲ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಮುಚ್ಚಳ ತೆಗೆದರೆ ಒಂದಕ್ಕೊಂದು ಸುತ್ತಿಕೊಂಡ ಕಪ್ಪು ವೈರುಗಳು. ನನ್ನ ಹೆಂಡತಿ ಗಿರಿಜೆ ಅದನ್ನು ಹಾವಿನ ಬುಟ್ಟಿ ಎನ್ನುತ್ತಾಳೆ. ನಾನು ದಾವಣಗೆರೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬು ನೋಡಿಕೊಂಡು ನಿವೃತ್ತನಾದವನು. ಹಾಗಾಗಿ ಆ ಬುಟ್ಟಿಯ ಮೇಲೆ ನನಗೊಂದು ವೃತ್ತಿಸಹಜ ಮಮತೆ. ಅದರೊಳಗಿನ ಒಂದು ಅಡಾಪ್ಟರು ನನ್ನ ಕಣ್ಣಲ್ಲಿ ನೀರು ತರಿಸೀತು ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಗಿರಿಜೆಗೆ ಕೆಲವು ವರ್ಷಗಳಿಂದ ಕಿವಿ ಮಂದವಾಗುತ್ತ ಬಂದಿದೆ. ಮೊದಲು ಹೋದದ್ದು ಕುಕ್ಕರಿನ ಸೀಟಿ. ಕುಕ್ಕರೇ ಕೂಗುತ್ತಿಲ್ಲ ಎಂದು ಅವಳು ದೂರಿದಳು, ನಾನು ವಿಧೇಯನಾಗಿ ಅದರ ಗ್ಯಾಸ್ಕೆಟ್ಟು ಬದಲಿಸಿದೆ, ಅನ್ನ ಮುದ್ದೆಯಾಗುವುದು ನಿಲ್ಲಲಿಲ್ಲ. ಆಮೇಲೆ ಹಕ್ಕಿಯಂತೆ ಚಿಲಿಪಿಲಿಗುಟ್ಟುವ ಕರೆಗಂಟೆ ಹೋಯಿತು. ಹಾಲಿನವನು ಬಾಗಿಲಲ್ಲಿ ನಿಂತು ನಿಂತು ಕೊನೆಗೆ ಪಕ್ಕದ ಮನೆಗೆ ಹಾಲು ಕೊಟ್ಟು ಹೋಗುವುದು ರೂಢಿಯಾಯಿತು. ಆಶ್ಚರ್ಯವೆಂದರೆ ಶಾಮನೂರು ರಸ್ತೆಯಲ್ಲಿ ಲಾರಿ ಬಂದರೆ ನನಗಿಂತ ಮೊದಲು ಅವಳಿಗೇ ಗೊತ್ತಾಗುತ್ತಿತ್ತು. ಕಿವಿಯ ಡಾಕ್ಟರು ಒಂದು ಮಿಷನ್ನು ಕೊಟ್ಟು, "ಸದ್ಯಕ್ಕೆ ಇದು ಹಾಕ್ಕೊಳ್ಳಿ, ಆಮೇಲೆ ನೋಡೋಣ" ಎಂದರು. ಆ "ಆಮೇಲೆ ನೋಡೋಣ" ಎಂಬ ಮಾತನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ; ಕಿವಿ ಮಂದವಾದದ್ದು ಅವಳಿಗಷ್ಟೇ ಅಲ್ಲ ಅನ್ನಿಸುತ್ತದೆ ಈಗ. ಗಿರಿಜೆ ಆ ಮಿಷನ್ನನ್ನು ಒಂದು ವಾರ ಹಾಕಿಕೊಂಡು, ತೆಗೆದು, ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಇಟ್ಟುಬಿಟ್ಟಳು. "ಎಲ್ಲ ದೊಡ್ಡದು ಮಾಡ್ತೈತೆ ರೀ, ನಮಗೆ ಬೇಕಾದ್ದೊಂದ್ ಬಿಟ್ಟು" ಎಂದಳು.

ಅವಳಿಗೆ ಬೇಕಾದದ್ದು ನಾಗರಾಜನ ದನಿ. ನಾಗರಾಜ ಅವಳ ತಮ್ಮ, ಹರಿಹರದಲ್ಲಿದ್ದಾನೆ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ರಿಪೇರಿ ವಿಭಾಗದಲ್ಲಿದ್ದು ಈಗ ನನ್ನ ಹಾಗೇ ಮನೆಯವರಿಗೆ ಭಾರವಾಗಿದ್ದಾನೆ. ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಗಿರಿಜೆ. ಅವನು ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಅಕ್ಕನಿಗೆ ಫೋನು ಮಾಡಿ ಏನು ತಿಂಡಿ ತಿಂದೆ ಎಂದು ವರದಿ ಒಪ್ಪಿಸಬೇಕು. ಅವಳು ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಮೊದಲು ಬಸ್ಸಿನಲ್ಲಿ ಬರುವವರ ಕೈಲಿ ಹೇಳಿ ಕಳಿಸುತ್ತಿದ್ದ, ಆಮೇಲೆ ಫೋನು ಬಂತು. ಕಿವಿ ಮಂದವಾದ ಮೇಲೆ ಈ ಸಂಭಾಷಣೆಯ ನಡುವೆ ನಾನು ದುಭಾಷಿಯಾಗಿ ನೇಮಕಗೊಂಡೆ. ಎದುರಿಗೆ ನಿಂತರೆ ಅವಳು ಬಾಯಿ ನೋಡಿಯೇ ಮುಕ್ಕಾಲು ಮಾತು ಹಿಡಿಯುತ್ತಾಳೆ, ಫೋನಿಗೆ ಬಾಯಿ ಎಲ್ಲಿದೆ? ವಿಡಿಯೊ ಕರೆ ಮಾಡು ಎಂದರೆ ನಾಗರಾಜ ತನ್ನ ಹಣೆಯನ್ನೂ ಅದರಾಚೆ ತಿರುಗುವ ಫ್ಯಾನನ್ನೂ ತೋರಿಸುತ್ತಾನೆ. ಅವನು ಅಲ್ಲಿ ಕಾಲು ಗಂಟೆ ಮಾತಾಡುತ್ತಾನೆ. ನಾನು ಅದರ ಸಾರಾಂಶ ತೆಗೆದು, "ಆರಾಮಿದ್ದಾನಂತೆ, ಅವಲಕ್ಕಿ ತಿಂದನಂತೆ" ಎನ್ನುತ್ತೇನೆ.

"ಅಷ್ಟ್ ಹೊತ್ತು ಮಾತಾಡಿದ್ನಲ್ರೀ, ಬರೀ ಅವಲಕ್ಕಿ ತಿಂದ ಅಂತ ಹೇಳಿದ್ನಾ?" ಎಂದು ಗಿರಿಜೆ ಕೇಳುತ್ತಾಳೆ.

ಆ ಕಡೆಯಿಂದ ನಾಗರಾಜ, "ಭಾವ, ನೀವು ಹೇಳಬ್ಯಾಡ್ರಿ, ಅಕ್ಕಗೆ ಕೊಡ್ರಿ ಫೋನು" ಎನ್ನುತ್ತಾನೆ. ಕೊಟ್ಟರೆ ಅವಳು ಅದನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ, "ಹೂಂ... ಹೂಂ..." ಎನ್ನುತ್ತಾಳೆ. ಆ ಹೂಂಗುಟ್ಟುವುದರಲ್ಲಿ ಏನೂ ಕೇಳಿಸಿಲ್ಲ ಎಂದು ನನಗೂ ಗೊತ್ತು, ಅವನಿಗೂ ಗೊತ್ತು. ಒಂದು ದಿನ ಅವನು ಹೆಂಡತಿಗೆ ಜ್ವರ ಎಂದು ಹೇಳಿದ್ದಕ್ಕೆ ಇವಳು, "ಭಾಳ ಚಲೋ ಆತು ಬಿಡು" ಎಂದುಬಿಟ್ಟಳು. ಮೂವರೂ ನಕ್ಕೆವು. ಆಮೇಲೆ ಅವಳು ಅಡುಗೆಮನೆಗೆ ಹೋಗಿ ಬೆನ್ನು ತಿರುಗಿಸಿ ನಿಂತದ್ದು ನೋಡಿ ನನಗೆ ಬಹಳ ಸಂಕಟವಾಯಿತು.

ಆಗಲೇ ನಾನು ಅವಳಿಗಾಗಿ ಒಂದು ಪೆಟ್ಟಿಗೆ ಕಟ್ಟುವ ಪ್ರತಿಜ್ಞೆ ಮಾಡಿದ್ದು. ದೊಡ್ಡ ವಿಷಯವೇನಲ್ಲ: ಫೋನಿನ ದನಿಯನ್ನು ಒಂದು ಸಣ್ಣ ಆಂಪ್ಲಿಫೈಯರಿಗೆ ಕೊಟ್ಟು, ದೊಡ್ಡದು ಮಾಡಿ, ಕಿವಿ ಮುಚ್ಚುವಂಥ ಹೆಡ್‌ಫೋನಿಗೆ ಕಳಿಸುವುದು. ಊಟದ ಡಬ್ಬಿಯೊಂದರಲ್ಲಿ ಅದನ್ನು ಕೂಡಿಸಿದೆ. ಕರೆಂಟಿಗೆ ಹಾವಿನ ಬುಟ್ಟಿಯಿಂದ ಒಂದು ಅಡಾಪ್ಟರು ಆರಿಸಿದೆ. ಉದ್ಘಾಟನೆಯ ದಿನ ಗಿರಿಜೆ ತಲೆ ಬಾಚಿಕೊಂಡು, ಹೂವು ಮುಡಿದು ಬಂದು ಕೂತಳು. ಹೆಡ್‌ಫೋನು ಹಾಕಿದೆ. ಹರಿಹರದಿಂದ ನಾಗರಾಜ "ಅಕ್ಕಾ" ಎಂದ.

"ಗುಂಯ್ ಅಂತೈತೆ ರೀ. ಅವಂದು ಕೇಳ್ಸಲ್ಲ" ಎಂದಳು ಗಿರಿಜೆ.

ನಾನು ಹೆಡ್‌ಫೋನು ಇಸಕೊಂಡು ಹಾಕಿ ನೋಡಿದೆ. ಗುಂಯ್ ಇತ್ತು, ನಿಜ. ಆದರೆ ಅದರ ಮೇಲೆ ನಾಗರಾಜನ ದನಿ ಕಿವಿ ಗಡಚಿಕ್ಕುವಂತಿತ್ತು. ಇಷ್ಟು ಸಣ್ಣ ಗುಂಯ್ ಇವಳಿಗೆ ಇಷ್ಟು ತೊಂದರೆ ಕೊಡುತ್ತಿದೆಯಲ್ಲ, ಹೆಂಗಸರ ಕಿವಿ ಸೂಕ್ಷ್ಮ ಎಂದು ತೀರ್ಮಾನಿಸಿದೆ. ಇದನ್ನು ಲ್ಯಾಬಿನಲ್ಲಿ ಇಡೀ ಜೀವಮಾನ ಕಳೆದವನ ಬುದ್ಧಿ ಎನ್ನುತ್ತಾರೆ. ನಮಗೆ ಕಾಯಿಲೆ ಯಾವತ್ತೂ ಉಪಕರಣಕ್ಕೇ ಬಂದಿರುತ್ತದೆ, ಮನುಷ್ಯರಿಗೆ ಬರುವುದಿಲ್ಲ. ಅಡಾಪ್ಟರಿನ ಗದ್ದಲ ನಾಗರಾಜನ ದನಿಯನ್ನು ನುಂಗುತ್ತಿದೆ, ಗದ್ದಲ ತೆಗೆದರೆ ತಮ್ಮ ಕೇಳಿಸುತ್ತಾನೆ ಎಂದು ಗಿರಿಜೆಗೆ ಮಾತು ಕೊಟ್ಟೆ. ಅವಳು ತಲೆಯಾಡಿಸಿದಳು. ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ ಯಾಕೋ.

ಇಲ್ಲಿ ನನ್ನ ಆಸಿಲೋಸ್ಕೋಪಿನ ಪ್ರವೇಶ. ವೈರಿನೊಳಗೆ ಕರೆಂಟು ಹೇಗೆ ಕುಣಿಯುತ್ತದೆ ಎಂಬುದನ್ನು ಪರದೆಯ ಮೇಲೆ ಗೆರೆಯಾಗಿ ಬರೆದು ತೋರಿಸುವ ಯಂತ್ರ ಅದು. ಲ್ಯಾಬಿನಲ್ಲಿ ಇದ್ದದ್ದು ಟ್ರಂಕಿನಷ್ಟು ದೊಡ್ಡದು. ನನ್ನದು ಅಂಗೈಗಿಂತ ಸ್ವಲ್ಪ ದೊಡ್ಡದು. ಬೀಳ್ಕೊಡುಗೆಯಲ್ಲಿ ಎಲ್ಲರಿಗೂ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಕೊಡುವುದು ನಮ್ಮಲ್ಲಿಯ ಪದ್ಧತಿ. ನಿವೃತ್ತನಾದವನಿಗೆ ಗಡಿಯಾರ ಯಾಕೆ ಎಂದು ನಾನು ಆರು ತಿಂಗಳು ಮೊದಲಿನಿಂದ ಸ್ಟಾಫ್ ರೂಮಿನಲ್ಲಿ ಗೊಣಗಿದ್ದರಿಂದ ಸ್ನೇಹಿತರು ಅದರ ಬದಲು ಇದನ್ನು ಕೊಟ್ಟರು. ಅದನ್ನು ಪೆಟ್ಟಿಗೆಗೆ ಸೇರಿಸಿದಾಗ ಪರದೆಯ ಮೇಲೆ ಗುಂಯ್ ಕಾಣಿಸಿತು: ಹಲ್ಲು ಮುರಿದ ಬಾಚಣಿಗೆಯ ಹಾಗೆ ಒಂದು ಗೆರೆ, ಉದ್ದಕ್ಕೂ ಒಂದೇ ಸಮ. ನಾಗರಾಜನಿಗೆ ಫೋನಿನಲ್ಲಿ ವರ್ಣಿಸಿದೆ. ಅವನು, "ಭಾವ, ಬಾಚಣಿಕೆ ಗೀಚಣಿಕೆ ಬ್ಯಾಡ, ಫೋಟೊ ಕಳಿಸ್ರಿ" ಎಂದ.

ಪರದೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಕಳಿಸಿದೆ. ತಕ್ಷಣ ಉತ್ತರ ಬಂತು: "ಇದರಾಗ ಗೆರಿ ಎಲ್ಲೈತೆ ಭಾವ? ಟ್ಯೂಬ್‌ಲೈಟು, ಅದರ ಕೆಳಗೆ ನಿಮ್ಮ ಬೋಳುತಲಿ ಚಂದ ಬಂದೈತೆ." ಪರದೆ ಕನ್ನಡಿಯ ಕೆಲಸವನ್ನೂ ಮಾಡುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ದೀಪ ಆರಿಸಿ ತೆಗೆದೆ, ಕೈ ನಡುಗಿ ಗೆರೆ ಎರಡಾಯಿತು. ತಲೆಗೆ ಟವೆಲು ಸುತ್ತಿಕೊಂಡು ತೆಗೆದೆ, ಟವೆಲು ಬಂತು. ಕೊನೆಗೆ ಸೂಚನಾ ಪುಸ್ತಿಕೆ ಓದಿದೆ. ಒಂದು ಗುಂಡಿ ಒತ್ತಿ ಹಿಡಿದರೆ ಯಂತ್ರವೇ ತನ್ನ ಪರದೆಯ ಚಿತ್ರವನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದಂತೆ. ವೈರು ಜೋಡಿಸಿ ಅದನ್ನು ಕಂಪ್ಯೂಟರಿಗೆ ಎಳೆದುಕೊಳ್ಳಬೇಕಂತೆ. ಗುಂಡಿ ಒತ್ತಿದೆ, ಅದು ಪಿಳಕ್ ಎಂದು ಚಿತ್ರ ನುಂಗಿತು. ಹೊರಗೆ ತೆಗೆಯುವುದು ಮಾತ್ರ ದೊಡ್ಡ ಪ್ರಹಸನವಾಯಿತು.

ಹಾವಿನ ಬುಟ್ಟಿಯಲ್ಲಿದ್ದ ಒಂದೊಂದೇ ವೈರನ್ನು ಕಂಪ್ಯೂಟರಿಗೆ ಚುಚ್ಚಿದೆ. ಯಂತ್ರ ಚಾರ್ಜು ಆಗುತ್ತಿತ್ತು, ಕಂಪ್ಯೂಟರಿಗೆ ಮಾತ್ರ ಅದರ ಗುರುತೇ ಸಿಗುತ್ತಿರಲಿಲ್ಲ. ಆ ವೈರುಗಳೆಲ್ಲ ಚಾರ್ಜಿಗೆ ಮಾತ್ರ ಆಗುವಂಥವು, ಚಿತ್ರ ದಾಟಿಸುವ ತಂತಿ ಅವುಗಳೊಳಗೆ ಇಲ್ಲವೇ ಇಲ್ಲ ಎಂದು ತಿಳಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಮುಗಿದಿತ್ತು. ಪೇಟೆಗೆ ಹೋಗಿ, ಮೊಬೈಲ್ ಅಂಗಡಿಯಲ್ಲಿ ಡೇಟಾ ಕೇಬಲ್ ಎಂದು ಕೇಳಿ ತಂದೆ. ಈ ಸಲ ಕಂಪ್ಯೂಟರು ಯಂತ್ರವನ್ನು ಗುರುತಿಸಿ, ಪೆನ್‌ಡ್ರೈವಿನ ಹಾಗೆ ತೆರೆದು ತೋರಿಸಿತು. ಚಿತ್ರಗಳನ್ನು ನಾಗರಾಜನಿಗೆ ಕಳಿಸಿದರೆ, "ತೆಗಿಯಾಕ ಬರಲ್ಲ ಭಾವ, ಯಾವ್ದೋ ಹಳೇ ನಮೂನಿ ಫೈಲು" ಎಂದ. ಕಂಪ್ಯೂಟರಿನಲ್ಲಿ ಚಿತ್ರ ತೆರೆದು, ಬೇರೆ ನಮೂನೆಯಲ್ಲಿ ಉಳಿಸಿ ಮತ್ತೆ ಕಳಿಸಿದೆ. ಅಂತೂ ದಾವಣಗೆರೆಯ ಗುಂಯ್ ಹರಿಹರ ತಲುಪಿತು. ಬಸ್ಸಿನಲ್ಲಿ ಯಂತ್ರವನ್ನೇ ಹೊತ್ತುಕೊಂಡು ಹೋಗಿದ್ದರೆ ಅವನ ಮನೆಯಲ್ಲಿ ಕಾಫಿಯಾದರೂ ಸಿಗುತ್ತಿತ್ತು.

ನಾಗರಾಜ ಚಿತ್ರ ನೋಡಿ ಮೊದಲು ಕೇಳಿದ್ದೇ, "ಭಾವ, ಸ್ಕೋಪ್ ಚಾರ್ಜಿಗೆ ಹಾಕ್ಕೊಂಡೇ ನೋಡಾಕ ಹತ್ತೀರೇನು?" ಎಂದು. ಹೌದು, ಹಾಕಿಕೊಂಡೇ ನೋಡುತ್ತಿದ್ದೆ. ನೋಡುವ ಯಂತ್ರಕ್ಕೂ ಒಂದು ಅಡಾಪ್ಟರು, ಅದರ ಗದ್ದಲವೂ ಚಿತ್ರದಲ್ಲಿ ಸೇರಿಕೊಂಡಿತ್ತು. ವೈರು ಕಿತ್ತು ಬ್ಯಾಟರಿಯ ಮೇಲೆ ನಡೆಸಿದಾಗ ಅರ್ಧ ಗದ್ದಲ ಅಲ್ಲೇ ಮಾಯವಾಯಿತು. ಇಬ್ಬರಿಗೂ ಹುರುಪು ಬಂತು. ನಿವೃತ್ತರಾದ ಇಬ್ಬರು ಗಂಡಸರಿಗೆ ಮಾಡಲು ಒಂದು ಕೆಲಸ ಸಿಕ್ಕರೆ ಅವರ ಮುಖ ನೋಡಬೇಕು. ಅವನು ಹೇಳಿದಂತೆ ಅಡಾಪ್ಟರಿನ ವೈರಿಗೆ ಗದ್ದಲ ಹೀರುವ ಕಪ್ಪು ಕಾಂತದ ಬಳೆ ತೊಡಿಸಿದೆ, ಕೆಪಾಸಿಟರು ಬೆಸೆದೆ, ಪೆಟ್ಟಿಗೆಯೊಳಗಿನ ಎರಡು ತಂತಿಗಳನ್ನು ಜಡೆಯ ಹಾಗೆ ಹೆಣೆದೆ. ಪ್ರತಿ ರಿಪೇರಿಗೂ ಒಂದು ಚಿತ್ರ, ಅದು ಕಂಪ್ಯೂಟರಿಗೆ, ಅಲ್ಲಿಂದ ಹರಿಹರಕ್ಕೆ. ಬಾಚಣಿಗೆಯ ಹಲ್ಲು ದಿನದಿನಕ್ಕೂ ಸವೆಯುತ್ತ ಬಂತು. ಪ್ರತಿಯೊಂದನ್ನೂ ಗಿರಿಜೆಗೆ ತೋರಿಸಿ, ಹೆಡ್‌ಫೋನು ಹಾಕಿ, ಕೈ ಸನ್ನೆ ಮಾಡಿ ಕೇಳುತ್ತಿದ್ದೆ, ಗುಂಯ್ ಕಮ್ಮಿ ಆಯ್ತಾ?

"ಹೂಂ, ಕಮ್ಮಿ ಆಗೈತೆ" ಎನ್ನುತ್ತಿದ್ದಳು.

ನಾನು ಹಿಗ್ಗುತ್ತಿದ್ದೆ. ಅವಳ ಮುಖದಲ್ಲಿ ಹಿಗ್ಗು ಇರಲಿಲ್ಲ. ಪಲ್ಯ ಹೊತ್ತಿರಬಹುದು, ಅದರ ಚಿಂತೆ ಇರಬಹುದು ಎಂದುಕೊಂಡೆ.

ಕೊನೆಗೆ ನಾಗರಾಜ, "ಅಡಾಪ್ಟರಿನ ಸಹವಾಸನ ಬ್ಯಾಡ, ಸೆಲ್ಲು ಹಾಕಿಬಿಡ್ರಿ. ಭಾನುವಾರ ನಾನೇ ಬರ್ತೀನಿ" ಎಂದ. ಬಂದ. ಚೀಲದಲ್ಲಿ ಅಕ್ಕನಿಗೆ ಹೂವು, ನನಗೆ ಸೆಲ್ಲು, ಇಬ್ಬರಿಗೂ ಸೇರಿ ಮಂಡಕ್ಕಿ ಮೆಣಸಿನಕಾಯಿ. ಸೆಲ್ಲು ಹಾಕಿ ಸ್ಕೋಪು ಹಚ್ಚಿದೆವು. ಪರದೆಯ ಮೇಲೆ ಗೆರೆ ನೂಲು ಎಳೆದ ಹಾಗೆ ನೆಟ್ಟಗೆ ಮಲಗಿತ್ತು. ಗುಂಯ್ ಪೂರ್ತಿ ಹೋಗಿತ್ತು. ಭಾವ, ಭಾವಮೈದುನ ಎಂಬುದನ್ನೆಲ್ಲ ಮರೆತು ಒಬ್ಬರ ಕೈ ಒಬ್ಬರು ಕುಲುಕಿದೆವು. ಆ ಚಿತ್ರವನ್ನೂ ಉಳಿಸಿದೆ. ಗಿರಿಜೆಯನ್ನು ಕೂಡಿಸಿ ಹೆಡ್‌ಫೋನು ಹಾಕಿದೆ. ನಾಗರಾಜ ಫೋನು ಹಿಡಿದುಕೊಂಡು ಮಹಡಿಗೆ ಹೋದ. ಎದುರಿಗೆ ಇದ್ದರೆ ಅವಳು ಬಾಯಿ ನೋಡಿ ಹಿಡಿದುಬಿಡುತ್ತಾಳೆ, ಪರೀಕ್ಷೆ ಎಂದರೆ ಪರೀಕ್ಷೆಯ ಹಾಗೇ ಆಗಬೇಕು ಎಂಬುದು ನಮ್ಮಿಬ್ಬರ ಶಿಸ್ತು.

ಸ್ಕೋಪಿನ ಪರದೆಯ ಮೇಲೆ ಗೆರೆ ಕುಣಿಯತೊಡಗಿತು. ಮಹಡಿಯ ಮೇಲೆ ಅವನು ಮಾತಾಡುತ್ತಿದ್ದ. ಗಿರಿಜೆ ಕಣ್ಣು ಮುಚ್ಚಿ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿ, "ಚಾಲೂ ಮಾಡಿಲ್ಲೇನ್ರಿ?" ಎಂದು ಕೇಳಿದಳು.

ನಾನು ಹೆಡ್‌ಫೋನು ತೆಗೆದು ನನ್ನ ಕಿವಿಗೆ ಇಟ್ಟುಕೊಂಡೆ. ಅಷ್ಟು ಶುದ್ಧವಾದ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ಅವನ ಉಸಿರು ಕೂಡ ಕೇಳುತ್ತಿತ್ತು. "ಅಕ್ಕಾ, ನಾನು, ನಾಗ. ಕೇಳ್ಸತೈತೇನಕ್ಕಾ? ಇವತ್ತು ಉಪ್ಪಿಟ್ಟು ತಿಂದ್ಕೊಂಡ್ ಬಂದೆ. ಅಕ್ಕಾ?"

ಆ ಒಂದು ಗಳಿಗೆಯಲ್ಲಿ ಎಲ್ಲ ಒಟ್ಟಿಗೆ ತಿಳಿಯಿತು. ಕುಕ್ಕರಿನ ಸೀಟಿ, ಹಕ್ಕಿಯ ಗಂಟೆ, ತಮ್ಮನ ದನಿ ಒಂದರ ಹಿಂದೊಂದು ಹೋಗಿದ್ದವು. ಉಳಿದದ್ದು ಲಾರಿಯಂಥ ದಪ್ಪ ಸದ್ದು ಮಾತ್ರ, ಗುಂಯ್ ಕೂಡ ಅದೇ ಜಾತಿಯದು. ಗುಂಯ್ ಅವಳ ತಮ್ಮನ ದನಿಯನ್ನು ನುಂಗಿರಲಿಲ್ಲ. ಆ ಪೆಟ್ಟಿಗೆಯಿಂದ ಅವಳಿಗೆ ಕೇಳುತ್ತಿದ್ದದ್ದೇ ಅದೊಂದು. ಅದನ್ನು ನಾನು, ಅವಳ ಗಂಡ, ಅವಳ ತಮ್ಮನ ಸಹಾಯದಿಂದ, ಚಿತ್ರಸಮೇತ, ಹಂತಹಂತವಾಗಿ ತೆಗೆದುಹಾಕಿದ್ದೆ. ನನಗೆ ಅಳು ಬಂತು. ಮಹಡಿಯಿಂದ ನಾಗರಾಜ ಇಳಿದು ಬಂದು, "ಹೆಂಗೆ ಕೇಳ್ತು ಭಾವ?" ಎಂದವನು ನನ್ನ ಮುಖ ನೋಡಿದ. ಅಕ್ಕನ ಕಾಲ ಹತ್ತಿರ ನೆಲದ ಮೇಲೆ ಕೂತ. ಗಿರಿಜೆ ಅವನ ತಲೆಯ ಮೇಲೆ ಕೈಯಿಟ್ಟಳು. ನಮ್ಮಿಬ್ಬರಿಗಿಂತ ಮೊದಲೇ ಅವಳಿಗೆ ಇದು ಗೊತ್ತಿತ್ತು ಎಂದು ಅವಳ ಕೈ ನೋಡಿದರೇ ತಿಳಿಯುತ್ತಿತ್ತು. ನಾವು ಹುರುಪಿನಲ್ಲಿದ್ದೆವು, ಅದನ್ನು ಕೆಡಿಸಲು ಅವಳಿಗೆ ಮನಸ್ಸು ಬಂದಿರಲಿಲ್ಲ.

"ಸೆಲ್ ತೆಗೀರಿ" ಎಂದಳು ಆಮೇಲೆ. "ಮೊದ್ಲಿಂದೇ ಹಾಕ್ರಿ. ಗುಂಯ್ ಆದ್ರೂ ಅಂತಿತ್ತು. ಇವನು ಫೋನ್ ಮಾಡ್ಯಾನ ಅಂತ ಅನ್ಸತಿತ್ತು."

ಕಾಂತದ ಬಳೆ ಬಿಚ್ಚಿದೆ, ಕೆಪಾಸಿಟರು ಕಿತ್ತೆ, ಜಡೆ ಹೆಣೆದ ತಂತಿಗಳನ್ನು ಬಿಡಿಸಿದೆ. ನಾಗರಾಜ ಒಂದೊಂದಾಗಿ ಇಸಕೊಂಡು ಬದಿಗಿಟ್ಟ. ಹಳೆಯ ಅಡಾಪ್ಟರು ಹಾಕಿದಾಗ ಗಿರಿಜೆ, "ಹಾಂ, ಈಗ ಬಂತು" ಎಂದು ನಕ್ಕಳು. ಮಂಡಕ್ಕಿ ಮೆತ್ತಗಾಗಿತ್ತು. ಅವಳೇ ಒಗ್ಗರಣೆ ಹಾಕಿ ಇಬ್ಬರಿಗೂ ಕೊಟ್ಟಳು.

ಈಗ ಬೆಳಿಗ್ಗೆ ನಾಗರಾಜ ಫೋನು ಮಾಡಿದರೆ ಅವಳು ಹೆಡ್‌ಫೋನು ಹಾಕಿಕೊಂಡು ಸ್ಕೋಪಿನ ಎದುರು ಕೂರುತ್ತಾಳೆ. ಕಿವಿಯಲ್ಲಿ ಗುಂಯ್, ಕಣ್ಣ ಮುಂದೆ ತಮ್ಮನ ದನಿಯ ಗೆರೆ. ಅವನು "ಅಕ್ಕಾ" ಎಂದಾಗ ಗೆರೆ ಮೊದಲು ಎದ್ದು, ತುಸು ತಗ್ಗಿ, ಮತ್ತೆ ಉದ್ದಕ್ಕೆ ಏಳುತ್ತದೆ. ಅದು ಅವಳಿಗೆ ಗುರುತು ಸಿಗುತ್ತದೆ, ಕೂಡಲೇ "ಹೇಳಪ್ಪ" ಎನ್ನುತ್ತಾಳೆ. ಉಳಿದದ್ದನ್ನು ನಾನು ಎದುರಿಗೆ ಕೂತು ಬಾಯಿ ತೆರೆದು ತೋರಿಸುತ್ತೇನೆ, ಸಾರಾಂಶ ತೆಗೆಯದೆ, ಒಗ್ಗರಣೆಗೆ ಇಂಗು ಹಾಕಿದ್ದರೋ ಇಲ್ಲವೋ ಎಂಬುದರ ಸಮೇತ. ಆದರೆ ಕಳೆದ ತಿಂಗಳು ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, "ಗುಂಯ್ ಯಾಕೋ ಸಣ್ಣಗಾಗೈತೆ ರೀ" ಎಂದಳು. ಸ್ಕೋಪು ನೋಡಿದೆ. ಗುಂಯ್ ಸಣ್ಣಗಾಗಿರಲಿಲ್ಲ.

ಅವತ್ತಿನಿಂದ ನನ್ನ ಸಂಶೋಧನೆ ತಿರುವುಮುರುವಾಗಿದೆ. ಹಾವಿನ ಬುಟ್ಟಿಯ ಅಡಾಪ್ಟರುಗಳನ್ನೆಲ್ಲ ಒಂದೊಂದಾಗಿ ಹಚ್ಚಿ, ಅತ್ಯಂತ ಗದ್ದಲದ್ದು ಯಾವುದು ಎಂದು ಚಿತ್ರ ತೆಗೆದು ಹೋಲಿಸುತ್ತಿದ್ದೇನೆ. ಸಾಲದೆ ಪೇಟೆಗೂ ಹೋದೆ. ಅಂಗಡಿಯವರು ನನಗೆ ಪರಿಚಯದ ಸಾಬರು. "ಬರ್ರಿ ಸಾರ್, ಬಢಿಯಾ ಮಾಲ್ ಬಂದೈತೆ, ಒಂದ್ ಚೂರೂ ಆವಾಜ್ ಇಲ್ಲ" ಎಂದರು.

"ಬಢಿಯಾ ಬೇಡ ಸಾಬ್ರೆ, ಗುಂಯ್ ಅನ್ನುವಂಥ ಖರಾಬು ಅಡಾಪ್ಟರು ಇದ್ದರೆ ಕೊಡಿ" ಎಂದೆ.

ಅವರು ನನ್ನನ್ನೇ ನೋಡಿ, "ಆರಾಮಿದೀರಾ ಸಾರ್?" ಎಂದು ಕೇಳಿದರು. ಕಾರಣ ಹೇಳಿದೆ. ಅವರು ಒಳಗೆ ಹೋಗಿ, ಗಿರಾಕಿಗಳು ವಾಪಸು ಕೊಟ್ಟ ಅಡಾಪ್ಟರುಗಳ ರಟ್ಟಿನ ಡಬ್ಬಿಯನ್ನೇ ತಂದು ನನ್ನ ಮುಂದಿಟ್ಟರು. ಅದರಲ್ಲೊಂದು ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ಅದೀಗ ನಮ್ಮ ಮನೆಯ ಅಡಾಪ್ಟರು. ಎಷ್ಟು ದಿನಕ್ಕೆ ಬರುತ್ತದೋ ಗೊತ್ತಿಲ್ಲ. ಡಾಕ್ಟರು ಹೇಳಿದ "ಆಮೇಲೆ" ಎಂಬುದು ಇದೇ ಇರಬೇಕು.

ಮೊನ್ನೆ ಕಂಪ್ಯೂಟರಿನಲ್ಲಿ ಉಳಿಸಿದ ಚಿತ್ರಗಳನ್ನು ತೋರಿಸಿ ಎಂದು ಗಿರಿಜೆ ಪಕ್ಕದಲ್ಲಿ ಕೂತಳು. ನಾಗರಾಜನ "ಅಕ್ಕಾ" ನೋಡಿ ಪರದೆ ಸವರಿದಳು. ಅವನ ಕೆಮ್ಮು ನೋಡಿ ನಕ್ಕಳು. ಹಾಗೇ ಮುಂದೆ ಹೋಗುತ್ತ ಯಾರೂ ಮಾತಾಡದಿದ್ದಾಗ ತೆಗೆದ ಒಂದು ಚಿತ್ರ ಬಂತು, ಬರೀ ಗುಂಯ್, ಮೊದಲ ದಿನದ ಮುರುಕು ಬಾಚಣಿಗೆ. ಇದು ಬೇಡದ್ದು ಎಂದು ಅಳಿಸಲು ಹೋದೆ. ಅವಳು ಕೈ ಹಿಡಿದಳು.

"ಇದು ಯಾರ್ದು?"

"ಯಾರದೂ ಅಲ್ಲ. ಅಡಾಪ್ಟರಿಂದು. ಬರೀ ಗದ್ದಲ" ಎಂದು ಅವಳಿಗೆ ಕಾಣುವ ಹಾಗೆ ನಿಧಾನವಾಗಿ ಹೇಳಿದೆ.

"ಸುಳ್ಳು. ಇದು ನೀವು" ಎಂದಳು.

"ನಾನ್ಯಾಕೆ?"

"ಇಡೀ ದಿನ ಏನರ ಗೊಣಗ್ತಾ ಇರ್ತೀರಿ, ಏನಂತೀರಿ ಅಂತ ಒಂದೂ ತಿಳಿಯಲ್ಲ. ಆದ್ರ ನಿಂತ್‌ಬಿಟ್ರೆ ಮನಿ ಖಾಲಿ ಅನ್ಸತೈತೆ."

ಆ ಚಿತ್ರಕ್ಕೆ ನನ್ನ ಹೆಸರು ಕೊಟ್ಟು ಉಳಿಸಿದೆ. ಆ ಗದ್ದಲವನ್ನು ಈ ಮನೆಯಿಂದ ತೆಗೆದುಹಾಕಲು ತಿಂಗಳುಗಟ್ಟಲೆ ಒದ್ದಾಡಿದವನು ನಾನೇ ಎಂದು ಗೊಣಗಿಕೊಂಡೆ. ಗಿರಿಜೆ ನನ್ನ ಬಾಯಿಯ ಕಡೆ ನೋಡುತ್ತಿರಲಿಲ್ಲ. ಆದರೂ "ಹೂಂ" ಎಂದಳು.